ಪ್ರಸಂಗಪೀಠಕ್ಕೆ ಮುಂಚಿನ ಒಂಬತ್ತು ತಿಂಗಳು: ಕೋಲಾರದ ಒಂದು ಬೋಧಕರ ತರಗತಿಯ ವಿಮರ್ಶೆ

ಕೋಲಾರ ನಗರದಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ನಡೆಯುವ, ಕ್ರೈಸ್ತ ಸಭೆಗಳಲ್ಲಿ ದೇವರ ವಾಕ್ಯ ಹೇಳಬಯಸುವ ಸಾಮಾನ್ಯ ವಿಶ್ವಾಸಿಗಳಿಗೆಂದೇ ಏರ್ಪಡಿಸಿರುವ ಒಂಬತ್ತು ತಿಂಗಳ ತರಗತಿಯನ್ನು ಇತ್ತೀಚೆಗೆ ಪೂರೈಸಿದ್ದೇನೆ. ಸೇರಲು ಯೋಚಿಸುತ್ತಿರುವವರಿಗೂ, ತಮ್ಮ ಸಭೆಯಿಂದ ಯಾರನ್ನಾದರೂ ಕಳುಹಿಸಬೇಕೆಂದಿರುವ ಸಭಾಪಾಲಕರಿಗೂ ಹಿರಿಯರಿಗೂ ಉಪಯೋಗವಾಗಲೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತರಗತಿಯನ್ನು ನಡೆಸುವವರು ಮೂವರು: ಒಬ್ಬ ನಿವೃತ್ತ ಸಭಾಪಾಲಕರು, ಸರ್ಕಾರಿ ಶಾಲೆಯಿಂದ ನಿವೃತ್ತರಾದ ಒಬ್ಬ ಶಿಕ್ಷಕಿ, ಮತ್ತು ಒಬ್ಬ ಕೃಷಿಕರು. ತಮ್ಮ ಹೆಸರನ್ನಾಗಲಿ ಭಾವಚಿತ್ರವನ್ನಾಗಲಿ ಎಲ್ಲಿಯೂ ಹಾಕಬಾರದೆಂದು ಅವರು ಕೇಳಿಕೊಂಡಿರುವುದರಿಂದ ಅವನ್ನು ಇಲ್ಲಿ ಕೊಟ್ಟಿಲ್ಲ. ಸಹಪಾಠಿಗಳ ಅನುಭವಗಳನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬರೆದಿದ್ದೇನೆ.

ನಮ್ಮ ಜಿಲ್ಲೆಯ ಸಭೆಗಳ ಸ್ಥಿತಿಯನ್ನು ಬಲ್ಲವರಿಗೆ ಇಂಥ ತರಗತಿಯ ಅಗತ್ಯವೇನೆಂದು ವಿವರಿಸಬೇಕಾಗಿಲ್ಲ. ಒಬ್ಬ ಸಭಾಪಾಲಕರು ಹಲವು ಹಳ್ಳಿಗಳ ಸಭೆಗಳನ್ನು ನೋಡಿಕೊಳ್ಳಬೇಕಾಗಿರುವುದರಿಂದ, ಅವರು ಬೇರೆ ಊರಿಗೆ ಹೋದ ಭಾನುವಾರ ಪ್ರಸಂಗದ, ಅಂದರೆ ಸಭೆಯ ಮುಂದೆ ನಿಂತು ವಾಕ್ಯವನ್ನು ಬೋಧಿಸುವ, ಹೊಣೆ ಹಿರಿಯರೊಬ್ಬರ ಮೇಲೋ, ಭಾನುವಾರದ ಶಾಲೆಯ ಶಿಕ್ಷಕರ ಮೇಲೋ, ಚೆನ್ನಾಗಿ ಮಾತನಾಡಬಲ್ಲ ಯುವಕನೊಬ್ಬನ ಮೇಲೋ ಬೀಳುತ್ತದೆ. ಹೀಗೆ ಪ್ರಸಂಗಕ್ಕೆ ನಿಲ್ಲುವವರ ನಡತೆ ಊರಿಗೆಲ್ಲ ಗೊತ್ತಿರುತ್ತದೆ. ಆತ ಯಾರಿಂದ ಸಾಲ ತಂದಿದ್ದಾನೆ, ಮನೆಯಲ್ಲಿ ಹೆಂಡತಿಯೊಡನೆ ಹೇಗೆ ಮಾತನಾಡುತ್ತಾನೆ, ಅಣ್ಣತಮ್ಮಂದಿರ ಜಗಳದಲ್ಲಿ ಏನು ಮಾಡಿದ ಎಂಬುದನ್ನೆಲ್ಲ ಬಲ್ಲವರೇ ಎದುರಿಗೆ ಕೂತಿರುತ್ತಾರೆ. ದೂರದಿಂದ ಬಂದ ಪ್ರಸಂಗಿಗೆ ಇಲ್ಲದ ಈ ಪರೀಕ್ಷೆ ಊರಿನ ಬೋಧಕನಿಗೆ ಪ್ರತಿ ವಾರವೂ ಇದೆ, ಮತ್ತು ಈ ತರಗತಿಯ ಇಡೀ ಕ್ರಮ ಆ ಪರೀಕ್ಷೆಯನ್ನು ಎದುರಿಗಿಟ್ಟುಕೊಂಡೇ ರೂಪುಗೊಂಡಿದೆ.

ತರಗತಿಯಲ್ಲಿ ಮೂರು ಹಂತಗಳಿವೆ. ಮೊದಲ ಮೂರು ತಿಂಗಳು ಓದು, ಮುಂದಿನ ಮೂರು ತಿಂಗಳು ಓದಿದ್ದನ್ನು ನಡೆಸುವುದು, ಕೊನೆಯ ಮೂರು ತಿಂಗಳು ಹೇಳುವುದು. ಈ ಅನುಕ್ರಮವನ್ನು ಸತ್ಯವೇದದ (ಬೈಬಲಿನ) ಎಜ್ರನ ಪುಸ್ತಕದ 7ನೆಯ ಅಧ್ಯಾಯದ 10ನೆಯ ವಚನದಿಂದ ತೆಗೆದುಕೊಂಡಿದ್ದಾರೆ. ಧರ್ಮಶಾಸ್ತ್ರವನ್ನು ಅಭ್ಯಾಸ ಮಾಡುವುದಕ್ಕೂ, ಅದರಂತೆ ನಡೆಯುವುದಕ್ಕೂ, ಇಸ್ರಾಯೇಲಿನಲ್ಲಿ ಅದನ್ನು ಕಲಿಸುವುದಕ್ಕೂ ಎಜ್ರನು ಮನಸ್ಸನ್ನು ದೃಢಮಾಡಿಕೊಂಡಿದ್ದನೆಂದು ಅಲ್ಲಿ ಬರೆದಿದೆ. ನಡೆಯುವುದು ನಡುವೆ ಬರುತ್ತದೆ. ಅದನ್ನು ಹಾರಿ ಮೂರನೆಯದಕ್ಕೆ ಹೋಗಲು ದಾರಿಯಿಲ್ಲ ಎಂಬುದನ್ನು ಶಿಕ್ಷಕಿಯವರು ಮೊದಲ ದಿನವೇ ಸ್ಪಷ್ಟಪಡಿಸಿದರು. ಅಪೊಸ್ತಲರ ಕೃತ್ಯಗಳ ಮೊದಲ ವಚನದಲ್ಲಿ ಲೂಕನು ಯೇಸುವಿನ ಬಗ್ಗೆ ಬರೆಯುವಾಗಲೂ ಮಾಡುವುದನ್ನು ಮೊದಲು, ಉಪದೇಶಿಸುವುದನ್ನು ಅನಂತರ ಇಟ್ಟಿದ್ದಾನೆ. ಪರ್ವತಪ್ರಸಂಗದಲ್ಲಿ ಪರಲೋಕರಾಜ್ಯದಲ್ಲಿ ದೊಡ್ಡವನೆನಿಸಿಕೊಳ್ಳುವವನು ಆಜ್ಞೆಗಳನ್ನು ಕೈಕೊಂಡು ಬೋಧಿಸುವವನು ಎಂದಿರುವಲ್ಲಿಯೂ ಅದೇ ಅನುಕ್ರಮವಿದೆ.

ಸೇರುವವರು ಒಂದು ಕಾಗದಕ್ಕೆ ಸಹಿ ಹಾಕಬೇಕು. ಮೊದಲ ಆರು ತಿಂಗಳು ಸ್ವಂತ ಸಭೆಯಲ್ಲಿಯೂ, ಮನೆಪ್ರಾರ್ಥನೆಗಳಲ್ಲಿಯೂ, ಯುವಜನರ ಕೂಟಗಳಲ್ಲಿಯೂ ಪ್ರಸಂಗ ಮಾಡುವುದಿಲ್ಲವೆಂಬುದು ಅದರ ಒಕ್ಕಣೆ. ಪ್ರಾರ್ಥನೆ ಮಾಡಬಹುದು, ಸತ್ಯವೇದ ಓದಬಹುದು, ಹಾಡಬಹುದು. ಬೋಧನೆ ಮಾತ್ರ ಬೇಡ. ಈಗಾಗಲೇ ವರ್ಷಗಳಿಂದ ಪ್ರಸಂಗ ಮಾಡುತ್ತಿರುವವರಿಗೆ ಇದು ಬಹಳ ಕಷ್ಟವೆನಿಸಿತು. ಕೆಲವರು ಈ ಷರತ್ತಿನಿಂದಲೇ ಹಿಂದೆ ಸರಿದರು. ಆದರೂ ಇದನ್ನು ಸಡಿಲಗೊಳಿಸಬಾರದೆಂಬುದು ನನ್ನ ಅಭಿಪ್ರಾಯ. ಪ್ರತಿ ವಾರ ಹೇಳಲೇಬೇಕಾದವನು ವಾಕ್ಯವನ್ನು ಓದುವಾಗಲೇ ಅದನ್ನು ಇತರರಿಗೆ ಹಂಚಲು ಶುರುಮಾಡುತ್ತಾನೆ: ಈ ಮಾತು ಇಂಥವರಿಗೆ ತಾಗುತ್ತದೆ, ಈ ಉದಾಹರಣೆ ಯುವಕರಿಗೆ ಹಿಡಿಸುತ್ತದೆ ಎಂಬ ಲೆಕ್ಕಾಚಾರ ಮನಸ್ಸಿನಲ್ಲಿ ನಡೆದೇ ಇರುತ್ತದೆ. ಹೇಳಬೇಕಾದ ಭಾನುವಾರವೇ ಇಲ್ಲವೆಂದಾದಾಗ ಆ ಮಾತು ಓದುವವನ ಹತ್ತಿರವೇ ಉಳಿಯುತ್ತದೆ. ದೇವರು ಪ್ರವಾದಿಯಾದ ಯೆಹೆಜ್ಕೇಲನಿಗೆ ಬರಹ ತುಂಬಿದ ಸುರುಳಿಯನ್ನು ಮೊದಲು ತಿನ್ನಲು ಹೇಳಿ, ಅನಂತರ ಇಸ್ರಾಯೇಲ್ ವಂಶದವರ ಬಳಿಗೆ ಹೋಗಿ ಮಾತನಾಡಲು ಹೇಳಿದ ಭಾಗವನ್ನು ನಾವು ಓದಿದ್ದು ಆ ಮೌನದ ತಿಂಗಳುಗಳಲ್ಲಿಯೇ.

ಬೋಧಕರಿಗಾಗಿ ನಡೆಯುವ ಬೇರೆ ತರಬೇತಿಗಳನ್ನು ಕಂಡವರಿಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಅಲ್ಲೆಲ್ಲ ಮೂರು ಅಂಶಗಳಲ್ಲಿ ಪ್ರಸಂಗವನ್ನು ಹೇಗೆ ಜೋಡಿಸಬೇಕು, ಧ್ವನಿಯನ್ನು ಎಲ್ಲಿ ಏರಿಸಬೇಕು, ಕಥೆಯನ್ನು ಎಲ್ಲಿ ತರಬೇಕು ಎಂಬುದಕ್ಕೇ ಹೆಚ್ಚು ಸಮಯ ಹೋಗುತ್ತದೆ. ಅವು ಬೇಡವೆಂದು ನಾನು ಹೇಳುವುದಿಲ್ಲ. ಕೇಳಿಸದಂತೆ, ಅರ್ಥವಾಗದಂತೆ ಮಾತನಾಡುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಆದರೆ ಯೆಹೆಜ್ಕೇಲನ 33ನೆಯ ಅಧ್ಯಾಯದ ಕೊನೆಯ ಭಾಗ ಎಚ್ಚರಿಸುವುದು ಇಂಥ ಕೌಶಲವನ್ನೇ ಕುರಿತು. ಜನರು ಪ್ರವಾದಿಯ ಎದುರಿಗೆ ಬಂದು ಕೂರುತ್ತಾರೆ, ಇಂಪಾದ ಕಂಠದಿಂದ ಹಾಡುವ ಗಾಯಕನನ್ನು ಕೇಳುವಂತೆ ಅವನ ಮಾತನ್ನು ಕೇಳುತ್ತಾರೆ, ಆದರೆ ಅದರಂತೆ ನಡೆಯುವುದಿಲ್ಲ. ನಮ್ಮ ಉಜ್ಜೀವನ ಕೂಟಗಳಲ್ಲಿ ಧ್ವನಿವರ್ಧಕಗಳ ಮುಂದೆ ಸಾವಿರಾರು ಜನ ಕೂತು ಮೆಚ್ಚಿ ಎದ್ದುಹೋಗುವುದನ್ನು ನೋಡುತ್ತ ಬೆಳೆದವರು ಈ ವಚನಗಳನ್ನು ಸುಮ್ಮನೆ ಓದಿ ಮುಂದೆ ಹೋಗಲಾರರು.

ಮೊದಲ ಹಂತದಲ್ಲಿ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಂಡದ್ದು ನಮ್ಮ ಊರಿನದೇ ಇತಿಹಾಸಕ್ಕೆ ಮೀಸಲಿಟ್ಟ ಶನಿವಾರ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಬಾಧಿಸಿದ, ಹಿರಿಯರ ಬಾಯಲ್ಲಿ ಧಾತು ಈಶ್ವರ ಬರಗಾಲವೆಂದು ಉಳಿದುಬಂದ ಆ ಭೀಕರ ಕಾಲದಲ್ಲಿ, ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗೆ ಆನ್‌ಸ್ಟೀ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಆಶ್ರಯ ಕೊಟ್ಟರು. ಮುಂದೆ ಆ ಕೆಲಸ ಅಮೆರಿಕದ ಮೆಥೋಡಿಸ್ಟರ ಕೈಗೆ ಬಂತು. ಊರಿನವರು ಇ.ಟಿ.ಸಿ.ಎಂ. ಎಂದೇ ಕರೆಯುವ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ ಅದೇ ಮೆಥೋಡಿಸ್ಟ್ ಸೇವೆಯ ಭಾಗವಾಗಿ ಬೆಳೆದು ಶತಮಾನ ದಾಟಿದೆ. ಕೋಲಾರದ ಅನೇಕ ಕುಟುಂಬಗಳಿಗೆ ಕ್ರಿಸ್ತನ ಹೆಸರು ಮೊದಲು ಪರಿಚಯವಾದದ್ದು ಪ್ರಸಂಗದಿಂದಲ್ಲ. ಊಟ ಹಾಕಿದವರಿಂದ, ಹೆರಿಗೆಗೆ ನಿಂತವರಿಂದ. ಮಿಷನರಿಗಳು ತಪ್ಪೇ ಮಾಡಲಿಲ್ಲವೆಂದು ತರಗತಿಯಲ್ಲಿ ಯಾರೂ ಹೇಳಲಿಲ್ಲ, ಹೊಗಳಿಕೆಯೂ ನಡೆಯಲಿಲ್ಲ. ಈ ಊರಿನಲ್ಲಿ ಬೋಧಿಸುವ ಹಕ್ಕು ಯಾವ ದಾರಿಯಿಂದ ಬಂತೆಂಬುದನ್ನು ಮಾತ್ರ ತೋರಿಸಿದರು.

ಎರಡನೆಯ ಹಂತಕ್ಕೆ ಒಂದು ಕಾರ್ಯಪುಸ್ತಕವಿದೆ. ಎಡಪುಟದಲ್ಲಿ ಆ ವಾರದ ವಾಕ್ಯಭಾಗವನ್ನು ಕೈಯಿಂದ ಬರೆದುಕೊಳ್ಳಬೇಕು. ಬಲಪುಟದಲ್ಲಿ ನಾಲ್ಕು ಪ್ರಶ್ನೆಗಳು: ಈ ಮಾತು ನನ್ನ ಬದುಕಿನಲ್ಲಿ ಯಾರಿಗೆ ಸಂಬಂಧಿಸಿದೆ, ಅವರಿಗೆ ನಾನು ಕೊಡಬೇಕಾದದ್ದು ಅಥವಾ ಮಾಡಬೇಕಾದದ್ದು ಏನು, ಯಾವ ದಿನದೊಳಗೆ, ಮಾಡಿದ ಮೇಲೆ ಏನಾಯಿತು. ನಿಮಗೆ ಏನನಿಸಿತು ಎಂಬ ಪ್ರಶ್ನೆ ಎಲ್ಲಿಯೂ ಇಲ್ಲ. ಅದನ್ನು ಬೇಕೆಂದೇ ಬಿಟ್ಟಿದ್ದಾರೆ. ವಾಕ್ಯ ಕೇಳಿ ಕಣ್ಣೀರು ಬಂದದ್ದನ್ನೇ ವಾಕ್ಯದಂತೆ ನಡೆದದ್ದೆಂದು ಎಣಿಸುವ ಅಭ್ಯಾಸ ನಮ್ಮಲ್ಲಿ ಆಳವಾಗಿದೆ. ಯಾಕೋಬನು ತನ್ನ ಪತ್ರಿಕೆಯ 1ನೆಯ ಅಧ್ಯಾಯದಲ್ಲಿ ಬರಿದೇ ಕೇಳುವವರು ತಮ್ಮನ್ನು ತಾವೇ ಮೋಸಗೊಳಿಸಿಕೊಳ್ಳುತ್ತಾರೆಂದು ಬರೆದದ್ದು ಇಂಥ ಕೇಳುವಿಕೆಯನ್ನೇ ಕುರಿತೆಂದು ನಾನು ತಿಳಿದಿದ್ದೇನೆ.

ಈ ಹಂತ ಹೇಗೆ ನಡೆಯುತ್ತದೆಂದು ತಿಳಿಯಲು ಒಬ್ಬ ಸಹಪಾಠಿಯ ಅನುಭವವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆತ ಟೊಮೆಟೊ ಬೆಳೆಯುವವರು. ಸಭೆಯಲ್ಲಿ ಒಳ್ಳೆಯ ಪ್ರಸಂಗಿಯೆಂಬ ಹೆಸರೂ ಇತ್ತು. ಅವರಿಗೆ ಕೊಟ್ಟ ಭಾಗ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದ 14 ಮತ್ತು 15ನೆಯ ವಚನಗಳು. ಬಡ ಕೂಲಿಯವನು ಸ್ವದೇಶದವನಾಗಲಿ ಪರದೇಶದವನಾಗಲಿ, ಆ ದಿನದ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕು, ಏಕೆಂದರೆ ಅವನು ಬಡವನು, ಅದರ ಮೇಲೆಯೇ ಮನಸ್ಸಿಟ್ಟುಕೊಂಡಿರುತ್ತಾನೆ ಎಂಬುದು ಅದರ ತಾತ್ಪರ್ಯ. ನಮ್ಮ ಕಡೆ ನಾಟಿ ಮಾಡಿ ಎರಡು ತಿಂಗಳು ದಾಟಿದ ಮೇಲೆ ಹಣ್ಣು ಬರಲು ಶುರುವಾಗುತ್ತದೆ. ಆಮೇಲೆ ವಾರಕ್ಕೆ ಎರಡು ಮೂರು ಬಾರಿ ಹಣ್ಣು ಬಿಡಿಸಲು ಆಳುಗಳು ಬೇಕು, ಹೆಚ್ಚಿನವರು ಹೆಂಗಸರು. ಮಂಡಿಯಲ್ಲಿ ಹರಾಜಾಗಿ ಹಣ ಕೈಗೆ ಬಂದ ಮೇಲೆ ಕೂಲಿ ಕೊಡುವುದು ಅವರ ಪದ್ಧತಿಯಾಗಿತ್ತು. ಬೆಲೆ ಇದ್ದಾಗ ಇದರಿಂದ ಯಾರಿಗೂ ತೊಂದರೆ ಕಾಣುವುದಿಲ್ಲ. ಆದರೆ ಟೊಮೆಟೊ ಬೆಲೆಯ ಏರಿಳಿತವನ್ನು ಕೋಲಾರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ: 2023ರ ಜುಲೈಯಲ್ಲಿ 15 ಕಿಲೋ ಬಾಕ್ಸ್ 2,000 ರೂಪಾಯಿ ದಾಟಿತ್ತು, ಬೇರೆ ಹಂಗಾಮುಗಳಲ್ಲಿ ಅದೇ ಬಾಕ್ಸ್ 100 ರೂಪಾಯಿಯೂ ಸಿಗದೆ ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋದದ್ದೂ ಇದೆ. ಬೆಲೆ ಬಿದ್ದ ವಾರದಲ್ಲಿ ಕೂಲಿ ಮುಂದಕ್ಕೆ ಹೋಗುತ್ತಿತ್ತು, ಕೆಲವೊಮ್ಮೆ ಮುಂದಿನ ಬೆಳೆಯವರೆಗೂ.

ಇದರಲ್ಲಿ ದುರುದ್ದೇಶವೇನೂ ಇರಲಿಲ್ಲ. ತನಗೇ ಬಾರದ ಹಣವನ್ನು ಕೊಡುವುದು ಎಲ್ಲಿಂದ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಆಗ ತರಗತಿ ನಡೆಸುವ ಕೃಷಿಕರು ಕೊಟ್ಟ ಉತ್ತರ ನನಗೆ ಇಂದಿಗೂ ಮುಖ್ಯವಾಗಿ ಕಾಣುತ್ತದೆ. ‘ಅಣ್ಣಾ, ಗೊಬ್ಬರದ ಅಂಗಡಿಯವರಿಗೂ ಸಸಿ ನರ್ಸರಿಯವರಿಗೂ ಬೆಳೆ ಬರುವ ಮೊದಲೇ ಕೊಡುತ್ತೀರಲ್ಲ, ಅವರು ಕಾಯುವುದಿಲ್ಲವೆಂದು ತಾನೇ? ಕಾಯಲೇಬೇಕಾದ ಗತಿ ಇರುವವರನ್ನು ಮಾತ್ರ ಕಾಯಿಸುತ್ತಿದ್ದೇವೆ’ ಎಂದರು. ಬೆಲೆಯ ಅಪಾಯವನ್ನು ಹೊಲದಲ್ಲಿ ಎಲ್ಲರಿಗಿಂತ ಕಡಿಮೆ ಇರುವವರು ಹೊರಬೇಕೆ ಎಂಬ ಪ್ರಶ್ನೆ ಅಲ್ಲಿಗೆ ಬಿಚ್ಚಿಕೊಂಡಿತು. ಆ ಸಹಪಾಠಿ ಮುಂದಿನ ನಾಟಿಗೆ ಮೊದಲೇ ಇಡೀ ಹಂಗಾಮಿನ ಕೂಲಿಯನ್ನು ಅಂದಾಜು ಮಾಡಿ, ಆ ಹಣವನ್ನು ಬೇರೆ ಖಾತೆಯಲ್ಲಿಟ್ಟು, ಅದಕ್ಕೆ ಎಟುಕುವಷ್ಟೇ ಜಾಗದಲ್ಲಿ ಟೊಮೆಟೊ ಹಾಕಿ, ಉಳಿದ ಜಾಗಕ್ಕೆ ರಾಗಿ ಬಿತ್ತಿದರು. ಹಳೆಯ ಬಾಕಿಯನ್ನೂ ತೀರಿಸಿದರು. ಲಾಭ ಕಡಿಮೆಯಾಗುವ ಸಾಧ್ಯತೆಯನ್ನು ಅವರು ತಿಳಿದೇ ಒಪ್ಪಿಕೊಂಡರು. ಹೊಲಗಳನ್ನು ಕೊಯ್ದವರ ಹಿಡಿದಿಟ್ಟ ಕೂಲಿ ಕೂಗುತ್ತದೆಂದು ಹೇಳುವ ಯಾಕೋಬನ 5ನೆಯ ಅಧ್ಯಾಯದ ಮೇಲೆ ಅವರು ಹಿಂದೆಯೂ ಪ್ರಸಂಗ ಮಾಡಿದ್ದರಂತೆ. ಆಗ ಅದು ದೊಡ್ಡ ಜಮೀನುದಾರರ ಬಗೆಗಿನ ಮಾತಾಗಿತ್ತು. ಕೊನೆಯ ಹಂತದಲ್ಲಿ ಅದೇ ಭಾಗದ ಮೇಲೆ ಅವರು ಹತ್ತು ನಿಮಿಷ ಮಾತನಾಡಿದ್ದನ್ನು ಕೇಳಿದವರಲ್ಲಿ ನಾನೂ ಒಬ್ಬ. ಖಾತೆಯಲ್ಲಿ ಕೂಲಿಯ ಹಣವನ್ನು ಪ್ರತ್ಯೇಕಿಸಿಡುವುದು ಹೇಗೆಂಬುದನ್ನು ಪ್ರಸಂಗಪೀಠದಿಂದ ವಿವರಿಸಿದ ಬೇರೊಬ್ಬರನ್ನು ನಾನು ಕಂಡಿಲ್ಲ.

ಇನ್ನೊಬ್ಬರು ಸಿಹಿತಿಂಡಿಯ ಅಂಗಡಿಯವರು. ಧರ್ಮೋಪದೇಶಕಾಂಡದ 25ನೆಯ ಅಧ್ಯಾಯ ಚೀಲದಲ್ಲಿ ಎರಡು ತರದ ತೂಕದ ಕಲ್ಲುಗಳನ್ನು ಇಟ್ಟುಕೊಳ್ಳಬಾರದೆನ್ನುತ್ತದೆ. ಅವರ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷವರ್ಷವೂ ಬಿದ್ದಿತ್ತು, ಅದರಲ್ಲಿ ದೋಷವಿರಲಿಲ್ಲ. ಆದರೆ ರಟ್ಟಿನ ಡಬ್ಬವನ್ನೂ ಸೇರಿಸಿ ತೂಗಿ ಮೈಸೂರು ಪಾಕಿನ ಬೆಲೆ ಹಾಕುತ್ತಿದ್ದರು. ಮರುದಿನದಿಂದ ಡಬ್ಬದ ತೂಕವನ್ನು ಕಳೆದು ತೂಗತೊಡಗಿದರು. ಇದರ ಬಗ್ಗೆ ತರಗತಿಯಲ್ಲಿ ಎರಡು ಮಾತಿಗಿಂತ ಹೆಚ್ಚು ನಡೆಯಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅದಕ್ಕಿಂತ ಬಹಳ ಕಠಿಣವಾದದ್ದು ಸಹೋದರಿಯರ ಪಾಲಿನ ವಿಷಯ. ಮರಣಶಾಸನ ಬರೆಯದೆ ತೀರಿಕೊಂಡ ಕ್ರೈಸ್ತರ ಆಸ್ತಿಯಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಕಾಯಿದೆ ಹೀಗಿದ್ದರೂ, ತವರಿನ ಸಂಬಂಧ ಕೆಡಬಾರದೆಂಬ ಭಯದಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಟ್ಟ ಅಕ್ಕತಂಗಿಯರು ನಮ್ಮ ಸಭೆಗಳಲ್ಲಿ ಎಷ್ಟು ಮಂದಿ ಎಂಬುದು ಎಲ್ಲರಿಗೂ ಗೊತ್ತಿರುವ, ಯಾರೂ ಆಡದ ಮಾತು. ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ ಐವರು ಅಕ್ಕತಂಗಿಯರು ಮೋಶೆಯ ಎದುರಿಗೆ ನಿಂತು ತಂದೆಯ ಪಾಲನ್ನು ಕೇಳುತ್ತಾರೆ, ಅವರು ಕೇಳುವುದು ನ್ಯಾಯವೆಂದು ದೇವರೇ ಹೇಳುತ್ತಾನೆ. ಈ ಭಾಗವನ್ನು ಸುಂಕ ವಸೂಲಿಯವನಾದ ಜಕ್ಕಾಯನ ಕಥೆಯೊಂದಿಗೆ ಸೇರಿಸಿ ಒಂದೇ ವಾರದ ಪಾಠವಾಗಿ ಕೊಟ್ಟಿದ್ದರು. ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದು ಜಕ್ಕಾಯನು ಎದ್ದು ನಿಂತು ಹೇಳಿದ ಮೇಲೆಯೇ ಆ ಮನೆಗೆ ರಕ್ಷಣೆಯಾಯಿತೆಂಬ ಮಾತು ಬರುತ್ತದೆ. ಆ ಶನಿವಾರ ಕೋಣೆಯಲ್ಲಿ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕೆಲವರು ಮುಂದೆ ತಂಗಿಯ ಮನೆಗೆ ಹೋಗಿ ಮಾತನಾಡಿದರು. ಕೆಲವರು ಆ ಪುಟವನ್ನು ಖಾಲಿ ಬಿಟ್ಟರು. ಪುಟ ಖಾಲಿ ಬಿಟ್ಟವರಿಗೆ ಆ ಭಾಗದ ಮೇಲೆ ಮಾತನಾಡಲು ಕೊನೆಯ ಹಂತದಲ್ಲಿಯೂ ಅವಕಾಶ ಕೊಡಲಿಲ್ಲ. ಇತರ ಭಾಗಗಳ ಮೇಲೆ ಕೊಟ್ಟರು. ಈ ನಿಯಮ ನ್ಯಾಯಯುತವಾದದ್ದು.

ಇಲ್ಲಿಯವರೆಗೆ ಹೇಳಿದ್ದು ತರಗತಿಯ ಬಲ. ಕೊರತೆಗಳೂ ಇವೆ, ಅವು ಸಣ್ಣವಲ್ಲ.

ಮೊದಲನೆಯದು, ಎರಡನೆಯ ಹಂತದಲ್ಲಿ ಪ್ರತಿ ಶನಿವಾರ ಎಲ್ಲರೂ ಎಲ್ಲರ ಎದುರಿಗೆ ವರದಿ ಒಪ್ಪಿಸುವ ಕ್ರಮ. ಹಿಂದಿನ ವಾರ ಯಾರು ಏನು ಮಾಡಿದರೆಂದು ಸುತ್ತಲೂ ಹೇಳುತ್ತ ಹೋಗಬೇಕು. ಜನರು ನೋಡಲೆಂದು ನಿಮ್ಮ ಧರ್ಮಕಾರ್ಯಗಳನ್ನು ಅವರ ಮುಂದೆ ಮಾಡಬೇಡಿರೆಂದು ಮತ್ತಾಯನ 6ನೆಯ ಅಧ್ಯಾಯದಲ್ಲಿ ಯೇಸು ಕಲಿಸಿದ್ದನ್ನು ಇದೇ ತರಗತಿಯಲ್ಲಿ ಓದಿದ ಮೇಲೆ, ಈ ಕ್ರಮ ಮನಸ್ಸಿಗೆ ಒಗ್ಗುವುದಿಲ್ಲ. ಕೆಲವು ವಾರಗಳು ಕಳೆಯುವಷ್ಟರಲ್ಲಿ ವರದಿಗಳು ಉದ್ದವಾದವು, ಧ್ವನಿ ಏರತೊಡಗಿತು. ಪ್ರಸಂಗವನ್ನು ಬಾಗಿಲಿನಿಂದ ಹೊರಗಿಟ್ಟರೆ ಅದು ವರದಿಯ ರೂಪದಲ್ಲಿ ಕಿಟಕಿಯಿಂದ ಒಳಗೆ ಬಂದಿತ್ತು. ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ ಎಂಬ 5ನೆಯ ಅಧ್ಯಾಯದ ಮಾತನ್ನು ಇದಕ್ಕೆ ಆಧಾರವಾಗಿ ತೋರಿಸುತ್ತಾರೆ. ಆದರೆ ಅಲ್ಲಿ ಜನರು ತಾವಾಗಿ ಕಂಡು ತಂದೆಯನ್ನು ಕೊಂಡಾಡುತ್ತಾರೆ. ಮಾಡಿದವನು ಎದ್ದು ನಿಂತು ಹೇಳುವ ಮಾತು ಅಲ್ಲಿಲ್ಲ. ಇಬ್ಬಿಬ್ಬರು ಜೊತೆಯಾಗಿ ಕೂತು ಒಬ್ಬರ ಕಾರ್ಯಪುಸ್ತಕವನ್ನು ಇನ್ನೊಬ್ಬರು ನೋಡುವಂತೆ ಮಾಡಿದರೆ ಹೊಣೆಗಾರಿಕೆಯೂ ಉಳಿಯುತ್ತದೆ, ತೋರಿಕೆಗೂ ಎಡೆಯಿರುವುದಿಲ್ಲ. ಈ ಸಲಹೆಯನ್ನು ನಡೆಸುವವರಿಗೆ ಬರೆದುಕೊಟ್ಟಿದ್ದೇನೆ, ಪರಿಶೀಲಿಸುವುದಾಗಿ ಹೇಳಿದ್ದಾರೆ.

ಎರಡನೆಯದು ಇನ್ನೂ ಗಂಭೀರವಾದದ್ದು. ಬಲಿಪೀಠದ ಹತ್ತಿರ ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನೊಂದಿಗೆ ಸಮಾಧಾನವಾಗು ಎಂಬ ಮತ್ತಾಯ 5:23–24ರ ಪಾಠದಲ್ಲಿ, ಸಂಬಂಧ ಕೆಟ್ಟಿರುವ ವ್ಯಕ್ತಿಯ ಬಳಿಗೆ ವಾರದೊಳಗೆ ಹೋಗಬೇಕೆಂದು ಕಾರ್ಯಪುಸ್ತಕ ಹೇಳುತ್ತದೆ. ತಪ್ಪು ಮಾಡಿದವನಿಗೂ ತಪ್ಪಿಗೆ ಗುರಿಯಾದವರಿಗೂ ಅಲ್ಲಿ ವ್ಯತ್ಯಾಸವನ್ನೇ ಮಾಡಿಲ್ಲ. ಕೊಳವೆಬಾವಿಯ ನೀರಿನ ಸರದಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ಈ ಪಾಠ ಒಳ್ಳೆಯದೇ ಮಾಡಿತು. ಸಾವಿರ ಅಡಿ ಕೊರೆದರೂ ನೀರು ಸಿಗದ ನಾಡಿನಲ್ಲಿ ಅಂಥ ಜಗಳ ಸಣ್ಣದಲ್ಲ. ಆದರೆ ಗಂಡನಿಂದ ಪೆಟ್ಟು ತಿಂದು ತವರಿಗೆ ಬಂದಿರುವ ಹೆಣ್ಣುಮಗಳು ಇದೇ ಪುಟವನ್ನು ತೆರೆದರೆ ಏನು ಓದಿಕೊಳ್ಳಬೇಕು? ಸಹೋದರನಿಗೆ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ ಹೋಗು ಎಂದು ಆ ವಚನ ಹೇಳುವುದು ನೋಯಿಸಿದವನಿಗೆ, ನೊಂದವಳಿಗೆ ಅಲ್ಲ. ಶಿಕ್ಷಕಿಯವರು ಇದನ್ನು ತರಗತಿಯಲ್ಲಿ ಬಾಯಿಮಾತಿನಲ್ಲಿ ತಿದ್ದಿದರು, ‘ಅಮ್ಮಾ, ಈ ಪಾಠ ನೀವು ಹೊಡೆತ ತಿನ್ನುವ ಮನೆಗೆ ಹಿಂದಿರುಗಿ ಎಂದು ಹೇಳುವುದಿಲ್ಲ’ ಎಂದು ನೇರವಾಗಿ ಹೇಳಿದರು, 181 ಮಹಿಳಾ ಸಹಾಯವಾಣಿಯ ಸಂಖ್ಯೆಯನ್ನೂ ಬರೆಸಿದರು. ಅವರಿಲ್ಲದ ದಿನ ಈ ಪಾಠ ನಡೆದಿದ್ದರೆ ಯಾರು ಹೇಳುತ್ತಿದ್ದರು? ಆ ಮಾತು ಅಚ್ಚಿನಲ್ಲಿಯೇ ಇರಬೇಕು, ಹೊಸ ತಂಡಕ್ಕೆ ಪುಸ್ತಕ ಕೊಡುವ ಮೊದಲೇ ಇರಬೇಕು.

ಮೂರನೆಯ ಕೊರತೆ, ಯಾಕೋಬನ 2ನೆಯ ಅಧ್ಯಾಯಕ್ಕೆ ಕೊಟ್ಟ ಸಮಯ. ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನ, ಬಡವನಿಗೆ ಕಾಲ್ಮಣೆಯ ಬಳಿ ಜಾಗ ಎಂಬ ಆ ಚಿತ್ರ ನಮ್ಮ ಸಭೆಗಳಲ್ಲಿ ಜಾತಿಯ ಪ್ರಶ್ನೆಯನ್ನು ಮುಟ್ಟದೆ ಇರಲಾರದು. ಮದುವೆಯ ಮಾತುಕತೆಯಲ್ಲಿ, ಸಭಾ ಸಮಿತಿಯ ಚುನಾವಣೆಯಲ್ಲಿ, ಯಾರ ಮನೆಯಲ್ಲಿ ಊಟಕ್ಕೆ ಕೂರುತ್ತೇವೆ ಎಂಬುದರಲ್ಲಿ ಅದು ದಿನದಿನವೂ ಕಾಣುತ್ತದೆ. ಈವರೆಗೆ ಊಟ ಮಾಡದ ಸಭಿಕರ ಮನೆಯಲ್ಲಿ ಊಟ ಮಾಡಿ ಬನ್ನಿ, ಅವರನ್ನು ನಿಮ್ಮ ಮನೆಗೆ ಕರೆಯಿರಿ ಎಂಬ ಅಭ್ಯಾಸವನ್ನು ಕೊಟ್ಟರು. ಅದು ಒಳ್ಳೆಯ ಅಭ್ಯಾಸ. ಆದರೆ ಒಂದೇ ಶನಿವಾರಕ್ಕೆ ಮುಗಿಸಿ ಮುಂದಿನ ಪಾಠಕ್ಕೆ ಹೋದರು. ಒಂದು ಊಟಕ್ಕೆ ಮುಗಿಯುವ ವಿಷಯ ಇದಲ್ಲ. ತಲೆಮಾರುಗಳಿಂದ ಬಂದ ಈ ಪಾಪಕ್ಕೆ ಕನಿಷ್ಠ ಒಂದು ತಿಂಗಳನ್ನಾದರೂ ಮೀಸಲಿಡಬೇಕಿತ್ತು.

ಸೇರುವ ಮೊದಲು ಹಲವರು ನನ್ನನ್ನು ಕೇಳಿದ ಪ್ರಶ್ನೆಯೊಂದಿದೆ: ಎಲ್ಲವನ್ನೂ ನಡೆಸಿದ ಮೇಲೆಯೇ ಹೇಳಬೇಕೆಂದರೆ ಯಾರು ತಾನೇ ಬೋಧಿಸಬಲ್ಲರು? ನಿವೃತ್ತ ಸಭಾಪಾಲಕರು ಇದಕ್ಕೆ ಒಂದು ಪೂರ್ಣ ಶನಿವಾರವನ್ನೇ ಕೊಟ್ಟರು, ಮತ್ತು ತರಗತಿಯ ಅತ್ಯುತ್ತಮ ಉಪನ್ಯಾಸ ಅದೇ. ನಿಮ್ಮಲ್ಲಿ ಬಹಳ ಮಂದಿ ಬೋಧಕರಾಗಬಾರದು, ಬೋಧಕರಿಗೆ ಹೆಚ್ಚು ಕಠಿಣವಾದ ತೀರ್ಪಾಗುವುದು ಎಂದು ಯಾಕೋಬನು 3ನೆಯ ಅಧ್ಯಾಯದ ಮೊದಲ ವಚನದಲ್ಲಿ ಬರೆದು, ಅದರ ಮರುವಚನದಲ್ಲಿಯೇ ನಾವೆಲ್ಲರೂ ಅನೇಕ ವಿಷಯಗಳಲ್ಲಿ ಎಡವುತ್ತೇವೆಂದು ತನ್ನನ್ನೂ ಸೇರಿಸಿಕೊಂಡಿದ್ದಾನೆ. ಪೌಲನು ಫಿಲಿಪ್ಪಿಯವರಿಗೆ ತಾನಿನ್ನೂ ಗುರಿ ಮುಟ್ಟಿಲ್ಲವೆಂದು ಬರೆಯುತ್ತಾನೆ, ಆದರೂ ಬರೆಯುವುದನ್ನು ನಿಲ್ಲಿಸುವುದಿಲ್ಲ. ಅದೇ ಪೌಲನು ಕೊರಿಂಥದವರಿಗೆ, ಇತರರಿಗೆ ಸಾರಿದ ಮೇಲೆ ತಾನೇ ಅಯೋಗ್ಯನೆನಿಸಿಕೊಳ್ಳಬಾರದೆಂದು ದೇಹವನ್ನು ದಂಡಿಸುತ್ತೇನೆ ಎನ್ನುತ್ತಾನೆ. ದೋಷವಿಲ್ಲದಿರುವುದು ಷರತ್ತಲ್ಲ. ಹೇಳುವ ಮಾತಿಗೆ ತಾನೂ ಒಳಪಟ್ಟು, ಅದರಂತೆ ನಡೆಯಲು ಕೈ ಹಾಕಿರುವುದು ಷರತ್ತು. ಆ ಕಾಲದ ಯೆಹೂದಿ ಧರ್ಮಬೋಧಕರಾದ ಶಾಸ್ತ್ರಿಗಳನ್ನೂ ಫರಿಸಾಯರನ್ನೂ ಕುರಿತು ಮತ್ತಾಯನ 23ನೆಯ ಅಧ್ಯಾಯದಲ್ಲಿರುವ ದೂರು ಅವರು ಎಡವಿದರೆಂಬುದಲ್ಲ. ಭಾರವಾದ ಹೊರೆಗಳನ್ನು ಜನರ ಹೆಗಲ ಮೇಲೆ ಹೊರಿಸಿ, ತಾವು ಬೆರಳನ್ನೂ ಮುಟ್ಟಿಸಲಿಲ್ಲವೆಂಬುದು. ಅವರು ಹೇಳಿದ್ದನ್ನು ಕೈಕೊಳ್ಳಿರಿ ಎಂದು ಯೇಸು ಅಲ್ಲಿಯೇ ಹೇಳಿದ್ದಾನೆ. ಹೇಳುವವನು ನಡೆಯದಿದ್ದ ಮಾತ್ರಕ್ಕೆ ಕೇಳುವವರು ವಾಕ್ಯದಿಂದ ಬಿಡುಗಡೆ ಹೊಂದುವುದಿಲ್ಲ. ಈ ಎರಡನೆಯ ಅಂಶವನ್ನು ಪ್ರಸಂಗಿಗಳ ತಪ್ಪೆಣಿಸುವುದರಲ್ಲಿಯೇ ತೃಪ್ತರಾಗಿರುವ ಸಭಿಕರೂ ಕೇಳಿಸಿಕೊಳ್ಳಬೇಕು.

ಕೊನೆಯ ಹಂತದಲ್ಲಿ ಪ್ರತಿಯೊಬ್ಬರೂ ತಾವು ನಡೆಸಿ ನೋಡಿದ ಒಂದು ಭಾಗದ ಮೇಲೆ ಮಾತ್ರ ಹತ್ತು ನಿಮಿಷ ಮಾತನಾಡುತ್ತಾರೆ. ಅದಕ್ಕೆ ಮೊದಲು ನಡೆಸುವವರು ಮನೆಯವರೊಬ್ಬರನ್ನೂ ಸಭೆಗೆ ಸೇರದ ಪರಿಚಿತರೊಬ್ಬರನ್ನೂ ಭೇಟಿಯಾಗಿ, ಈ ಆರು ತಿಂಗಳಲ್ಲಿ ಇವರ ವ್ಯವಹಾರದಲ್ಲಿ ಬದಲಾವಣೆ ಕಂಡಿರಾ ಎಂದು ಕೇಳುತ್ತಾರೆ. ಸಭಾಧ್ಯಕ್ಷನು ಹೊರಗಿನವರಿಂದಲೂ ಒಳ್ಳೆಯ ಹೆಸರು ಹೊಂದಿರಬೇಕೆಂದು ತಿಮೊಥೆಗೆ ಬರೆದ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯದಲ್ಲಿದೆ. ಅದನ್ನು ಇಷ್ಟು ಅಕ್ಷರಶಃ ಪಾಲಿಸುವವರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಆದರೆ ಹೊರಗಿನವರನ್ನು ಆರಿಸುವಾಗ ಕೆಲವರ ವಿಷಯದಲ್ಲಿ ಅವರ ಹತ್ತಿರವೇ ಕೂಲಿ ಮಾಡುವವರನ್ನು ಕೇಳಿದ್ದರು. ನಾಳೆಯ ಕೂಲಿಗಾಗಿ ಕಾಯುವವರು ಒಡೆಯನ ಬಗ್ಗೆ ಮನಬಿಚ್ಚಿ ಮಾತನಾಡಲಾರರು. ಪಕ್ಕದ ಮನೆಯವರು, ಎದುರಂಗಡಿಯವರು ಇದಕ್ಕೆ ತಕ್ಕವರು.

ಇನ್ನು ವ್ಯವಸ್ಥೆಯ ವಿಷಯ. ಇಡೀ ತರಗತಿಗೆ 600 ರೂಪಾಯಿ ಶುಲ್ಕ, ಅದರಲ್ಲಿ ಕಾರ್ಯಪುಸ್ತಕ ಮತ್ತು ಪ್ರತಿ ವಾರದ ಚಹಾ ಸೇರಿದೆ. ಕಂತಿನಲ್ಲಿ ಕಟ್ಟಬಹುದು, ಕಟ್ಟಲಾರದವರಿಗೆ ಬಿಡುತ್ತಾರೆ, ಯಾರಿಗೆ ಬಿಟ್ಟರೆಂಬುದು ಹೊರಗೆ ತಿಳಿಯುವುದಿಲ್ಲ. ಸಭಾಂಗಣ ಬಸ್ ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರದಲ್ಲಿದೆ. ಪಾಠ ಕನ್ನಡದಲ್ಲಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರು ಚರ್ಚೆಯಲ್ಲಿ ತೆಲುಗಿಗೆ ಹೊರಳಿದರೂ, ಕೆ.ಜಿ.ಎಫ್.ನಿಂದ ಬರುವವರು ತಮಿಳು ಸತ್ಯವೇದವನ್ನು ಹಿಡಿದು ಕೂತರೂ ಯಾರೂ ಆಕ್ಷೇಪಿಸುವುದಿಲ್ಲ. ಪಾಠ ಮಧ್ಯಾಹ್ನ 3 ಗಂಟೆಗೆ ಶುರುವಾಗಿ 5 ದಾಟಿದ ಮೇಲೆ ಮುಗಿಯುತ್ತದೆ, ಸಂಜೆಯ ಹಾಲು ಕರೆದು ಡೇರಿಗೆ ಹಾಕಬೇಕಾದ ಹೆಂಗಸರಿಗೆ ಇದು ಆಗುವ ಮಾತಲ್ಲ. ನಮ್ಮ ತಂಡದಲ್ಲಿ ಸೇರಿದ್ದ ಮಹಿಳೆಯರು ಕಡಿಮೆಯಿದ್ದುದಕ್ಕೂ, ಸೇರಿದ ಕೆಲವರು ನಡುವೆ ಬಿಟ್ಟದ್ದಕ್ಕೂ ಕಾರಣ ಆಸಕ್ತಿಯ ಕೊರತೆಯಲ್ಲ, ಈ ವೇಳೆ. ಬೆಳಿಗ್ಗೆ 11ಕ್ಕೆ ಇಟ್ಟರೆ ಸಮಸ್ಯೆ ಬಹುಮಟ್ಟಿಗೆ ತೀರುತ್ತದೆ.

ಹೊಸದಾಗಿ ಬೋಧನೆಗೆ ಬರುವ ಯುವಕರಿಗಿಂತ ಹೆಚ್ಚಾಗಿ, ಈಗಾಗಲೇ ಪ್ರಸಂಗ ಮಾಡುತ್ತಿರುವ ಹಿರಿಯರಿಗೆ ಈ ತರಗತಿಯನ್ನು ಶಿಫಾರಸು ಮಾಡುತ್ತೇನೆ. ಅವರನ್ನು ಕಳುಹಿಸುವ ಸಭೆಗಳು ಆ ಆರು ತಿಂಗಳು ಅವರ ಹೆಸರನ್ನು ಪ್ರಸಂಗದ ಪಟ್ಟಿಯಲ್ಲಿ ಹಾಕದಿರಲು ಮೊದಲೇ ಸಮಿತಿಯಲ್ಲಿ ತೀರ್ಮಾನಿಸಬೇಕು, ಇಲ್ಲವಾದರೆ ಸಹಿ ಹಾಕಿದವರು ಇಕ್ಕಟ್ಟಿಗೆ ಸಿಲುಕುತ್ತಾರೆ. ಮುಂದಿನ ತಂಡ ಜೂನ್ ತಿಂಗಳಿನಲ್ಲಿ ಆರಂಭವಾಗುತ್ತದೆ. ನಗರದ ಸಭಾಪಾಲಕರಲ್ಲಿ ಯಾರನ್ನು ಕೇಳಿದರೂ ವಿಳಾಸ ತಿಳಿಸುತ್ತಾರೆ. ಮೊದಲ ದಿನ ಸತ್ಯವೇದದ ಜೊತೆಗೆ ಮನೆಯ ಅಥವಾ ವ್ಯಾಪಾರದ ಲೆಕ್ಕದ ಪುಸ್ತಕವನ್ನೂ ತರಲು ಹೇಳುತ್ತಾರೆ. ಅದನ್ನು ಯಾರಿಗೂ ತೋರಿಸಬೇಕಾಗಿಲ್ಲ, ನೀವೇ ನೋಡಿಕೊಂಡು ಉತ್ತರ ಬರೆಯಲು ಅದು ಬೇಕಾಗುತ್ತದೆ.